ಬೀಗರ ಕತ್ತಿ ಪರೀಕ್ಷೆ

ರೋಣದ ಪೇಟೆಯಲ್ಲಿ ಹಗ್ಗ, ಹುರಿ, ಗೋಣಿಚೀಲಗಳ ಅಂಗಡಿ ಇಟ್ಟುಕೊಂಡಿದ್ದ ತೋಟಪ್ಪ ತನ್ನ ಆಯುಷ್ಯದಲ್ಲಿ ಹುರಿಯೊಂದನ್ನು ಬಿಟ್ಟು ಬೇರೇನನ್ನೂ ಕತ್ತರಿಸಿದವನಲ್ಲ. ಮನೆಯಲ್ಲಿ ತೆಂಗಿನಕಾಯಿ ಒಡೆಯುವುದು, ಕುಂಬಳಕಾಯಿ ಹೆಚ್ಚುವುದು, ಬಚ್ಚಲಿಗೆ ಬಂದ ಚೇಳನ್ನು ವಿಲೇವಾರಿ ಮಾಡುವುದು ಎಲ್ಲವೂ ಹೆಂಡತಿ ಸಿದ್ದಲಿಂಗವ್ವನ ಪಾಲಿನ ಕೆಲಸ. ಕ್ಷೌರಕ್ಕೆ ಕೂತರೂ ಅಷ್ಟೇ, ಕತ್ತಿ ಕಿವಿಯ ಹತ್ತಿರ ಬಂದಾಗ ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಿದ್ದ. ಇಂಥ ಸಾಧು ಮನುಷ್ಯನ ಬಾಯಿಂದ ಆ ಮಾತು ಹೇಗೆ ಹೊರಬಿತ್ತು ಎಂಬುದು ರೋಣದ ಚಹದಂಗಡಿಗಳಲ್ಲಿ ಇವತ್ತಿಗೂ ಇತ್ಯರ್ಥವಾಗದ ಪ್ರಶ್ನೆ.

ಮಾತು ಹೊರಬಿದ್ದದ್ದು ಗಜೇಂದ್ರಗಡದಲ್ಲಿ, ಸೀರೆ ವ್ಯಾಪಾರಿ ಗ್ಯಾನಪ್ಪನ ಮನೆಯ ಪಡಸಾಲೆಯಲ್ಲಿ. ಗ್ಯಾನಪ್ಪನ ಮಗ ಅಮರೇಶನಿಗೆ ತೋಟಪ್ಪನ ಮಗಳು ಚಿನ್ನುವನ್ನು ಕೊಡುವ ಮಾತು ನಡೆದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ, ಒಪ್ಪಿ, ಮೊಬೈಲಿನಲ್ಲಿ ಮಿಸ್ ಕಾಲ್ ಕೊಟ್ಟುಕೊಳ್ಳುವ ಹಂತಕ್ಕೂ ಬಂದಿದ್ದರು. ದೊಡ್ಡವರು ಹೂಂ ಎನ್ನುವುದಷ್ಟೇ ಬಾಕಿ.

ಅದು ಎರಡು ಸಾವಿರದ ಏಳನೆಯ ಇಸವಿ. ಐವತ್ತೇಳರ ದಂಗೆಗೆ ನೂರೈವತ್ತು ತುಂಬಿತೆಂದು ಪೇಪರಿನಲ್ಲೆಲ್ಲ ಕತ್ತಿ ಗುರಾಣಿಗಳ ಚಿತ್ರಗಳು ಬರುತ್ತಿದ್ದವು. ಗ್ಯಾನಪ್ಪನ ಪಡಸಾಲೆಯ ಗೋಡೆಗೂ ಒಂದು ಕತ್ತಿ ತೂಗುಬಿದ್ದಿತ್ತು. ಕಪ್ಪುಗಟ್ಟಿದ ಒರೆ, ಹಿತ್ತಾಳೆಯ ಹಿಡಿ, ಮೇಲೊಂದು ಊದುಬತ್ತಿಯ ಗೂಡು.

"ನಮ್ಮ ಮುತ್ಯಾನ ಮುತ್ಯಾ ಇಲ್ಲಿ ಗುಡ್ಡದ ಮ್ಯಾಲಿನ ಕೋಟಿ ಬಾಗಲಾ ಕಾಯತಿದ್ದ," ಎಂದು ಗ್ಯಾನಪ್ಪ ಸುರುಮಾಡಿದ. "ಈ ಖಂಡೇ ಎತ್ತಿದಾ ಅಂದ್ರ ಎದುರಿಗೆ ಒಬ್ಬರೂ ನಿಂದರತಿರಲಿಲ್ಲಂತ."

ಹೆಣ್ಣಿನ ತಂದೆಯಾದವನು ಇಂಥ ಹೊತ್ತಿನಲ್ಲಿ "ಹೌದೇನ್ರಿ" ಎನ್ನಬೇಕು, ಚಹ ಕುಡಿಯಬೇಕು. ತೋಟಪ್ಪ ಎರಡನ್ನೂ ಚೆನ್ನಾಗಿಯೇ ನಿಭಾಯಿಸುತ್ತಿದ್ದ. ಆದರೆ ಗ್ಯಾನಪ್ಪ ಕಡೆಯಲ್ಲಿ, "ನಿಮ್ಮ ಮನತನದಾಗ ಇಂಥಾದ್ದು ಏನರೆ ಐತೇನ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ, "ಎಲ್ಲಿಂದ ಇರಬೇಕು ಬಿಡ್ರಿ, ಹಗ್ಗದ ವ್ಯಾಪಾರ," ಎಂದುಬಿಟ್ಟ.

ಆ "ಬಿಡ್ರಿ" ತೋಟಪ್ಪನಿಗೆ ನಾಟಿತು. ಚಹದ ಬಸಿಯನ್ನು ಕೆಳಗಿಟ್ಟು, ಮೀಸೆ ಒರೆಸಿಕೊಂಡು ಹೇಳಿದ: "ಕತ್ತಿ ನಮ್ಮ ಮನ್ಯಾಗೂ ಒಂದ ಐತ್ರಿ."

ಸಿದ್ದಲಿಂಗವ್ವನ ಬಾಯಲ್ಲಿದ್ದ ಚೂಡಾ ಗಂಟಲಿನಲ್ಲೇ ನಿಂತಿತು. ತೋಟಪ್ಪನಿಗೆ ಮಾತ್ರ ನಿಲ್ಲುವುದಾಗಲಿಲ್ಲ. "ನರಗುಂದದ ದಂಗೆದಾಗ ಹಿಡದದ್ರಿ. ಒಂದ ಏಟಿಗೆ ಕುದರಿ ಸೈತ ಸರ್ದಾರ ಎರಡ ಭಾಗ ಆಗಿದ್ನಂತ. ನಾವು ಹೇಳ್ಕೊಂಡ ತಿರಗಂಗಿಲ್ಲ, ಅಷ್ಟ."

ಗ್ಯಾನಪ್ಪನ ಮುಖ ಅರಳಿತು. ಕತ್ತಿ ಇದ್ದ ಮನೆಯ ಹೆಣ್ಣು ಸಿಗುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. "ಹಂಗಂದ್ರ ಖಂಡೇ ಪೂಜಿಗೆ ನಾವು ರೋಣಕ್ಕ ಬರತೀವಿ. ನಮ್ಮ ಖಂಡೇನೂ ತರತೀವಿ. ಎರಡೂ ಕೂಡಿ ಪೂಜಾ ಆಗಲಿ. ಮರದಿವಸ ಬನ್ನಿ ಕೊಟ್ಟು ಮಾತು ಗಟ್ಟಿ ಮಾಡೂಣು."

ಗಜೇಂದ್ರಗಡದಿಂದ ರೋಣಕ್ಕೆ ಬರುವ ಬಸ್ಸಿನಲ್ಲಿ ಸಿದ್ದಲಿಂಗವ್ವ ಗಂಡನ ಕಡೆ ತಿರುಗಿ ನೋಡಲಿಲ್ಲ. ಊರು ಹತ್ತಿರ ಬಂದ ಮೇಲೆ ಒಂದೇ ಮಾತು ಕೇಳಿದಳು: "ಎಲ್ಲೈತ್ರಿ ಆ ಕತ್ತಿ? ಇಷ್ಟ ವರ್ಷ ಕಸಾ ಹೊಡದೀನಿ, ನನ್ನ ಕಸಬರಿಗೆಗೆ ಸಿಕ್ಕಿಲ್ಲಲ್ಲ."

ಮನೆಯಲ್ಲಿ ತಾಯಿಯಿಂದ ವಿಷಯ ತಿಳಿದ ಮಗಳು ಚಿನ್ನು ಅಪ್ಪನ ಎದುರಿಗೆ ಬಂದು ನಿಂತಳು. ಅವಳಿಗೆ ಅಳು ಬರುವ ಹಾಗಿತ್ತು. "ಅಪ್ಪಾ, ಮಾವಾರಿಗೆ ಸುಳ್ಳು ಅಂದ್ರ ಆಗಿಬರಂಗಿಲ್ಲಂತ. ಹೋದ ವರ್ಷ ಒಂದ ಸಂಬಂಧ ಇದಕ್ಕ ಮುರದಾರಂತ. ನನಗ ಅವ್ರ ಮಗನ್ನ ಬಿಟ್ಟ ಬ್ಯಾರೆ ಯಾರೂ ಬ್ಯಾಡ. ಕತ್ತಿ ಎಲ್ಲಿಂದ ತರತಿಯೋ ತಾ."

"ಹೋಗಿ ಇಲ್ಲಂತ ಹೇಳಿ ಬರ್ರಿ," ಎಂದಳು ಸಿದ್ದಲಿಂಗವ್ವ.

"ಕೊಟ್ಟ ಮಾತು ವಾಪಸ್ ತಗೊಳ್ಳಾಕ ಅದೇನ ಗೋಣಿಚೀಲ ಏನು?" ಎಂದ ತೋಟಪ್ಪ. ಹಾಗೆಂದು ಗಂಭೀರವಾಗಿ ಎದ್ದು, ಗಂಭೀರವಾಗಿ ಚಪ್ಪಲಿ ಮೆಟ್ಟಿಕೊಂಡು, ರಸ್ತೆ ದಾಟಿ ಮದರಸಾಬನ ಅಂಗಡಿಗೆ ಹೋಗಿ ತಲೆಯ ಮೇಲೆ ಕೈಹೊತ್ತು ಕೂತ.

ಮದರಸಾಬ ಹತ್ತಿಯ ಹಾಸಿಗೆ, ಗಾದಿ ಹೊಲಿಯುವವನು. ತೋಟಪ್ಪನೂ ಅವನೂ ಸಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತು ಒಂದೇ ತರಗತಿಯಲ್ಲಿ ಫೇಲಾದವರು. ಹತ್ತಿ ಹಿಂಜುವುದರಲ್ಲಿ ಅವನು ನಿಪುಣನೋ ಅಲ್ಲವೋ, ತನ್ನ ಗಾದಿಯನ್ನು ಹೊಗಳುವುದರಲ್ಲಿ ಮಾತ್ರ ಅವನನ್ನು ಮೀರಿಸುವವರು ತಾಲೂಕಿನಲ್ಲಿರಲಿಲ್ಲ. ಚಿನ್ನುವಿನ ಲಗ್ನದ ಗಾದಿಯೂ ಅವನಲ್ಲೇ ತಯಾರಾಗುತ್ತಿತ್ತು. ಗೆಳೆಯನ ಸಂಕಟವನ್ನು ಕೇಳಿ ಅವನು ಸೂಜಿಯನ್ನು ಟೊಪ್ಪಿಗೆಗೆ ಚುಚ್ಚಿಕೊಂಡ.

"ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ಕೋತಿ? ಆಸೂಟಿ ದೊಡ್ಡಾಟದ ಮೆಹಬೂಬಸುಭಾನಿ ನಮ್ಮ ಸಂಬಂಧಿಕ. ಅವನ ಪೆಟ್ಟಿಗ್ಯಾಗ ಬರೇ ಕತ್ತಿನ."

ಆಸೂಟಿಯ ಮೆಹಬೂಬಸುಭಾನಿ ದೊಡ್ಡಾಟದಲ್ಲಿ ರಾಕ್ಷಸ ರಾಜರ ಪಾತ್ರಕ್ಕೆ ಹೆಸರಾದವನು. ಸುತ್ತಲಿನ ಹಳ್ಳಿಗಳಲ್ಲಿ ಅವನು ಗದರಿದರೆ ತೊಟ್ಟಿಲ ಕೂಸುಗಳು ಎಚ್ಚರಾಗುತ್ತಿದ್ದವು. ಪೆಟ್ಟಿಗೆಯ ತಳದಿಂದ ಅವನು ಒಂದು ಉದ್ದನೆಯ ಕತ್ತಿ ತೆಗೆದು ಬಿಸಿಲಿಗೆ ಹಿಡಿದ. ಕಣ್ಣು ಕೋರೈಸಿತು. ತಗಡಿನ ಮೇಲೆ ಬೆಳ್ಳಿ ಬಣ್ಣ ಬಳಿದಿದ್ದರು.

"ಹದ ಹ್ಯಾಂಗೈತಿ?" ಎಂದು ತೋಟಪ್ಪ ತಿಳಿದವನ ಹಾಗೆ ಕೇಳಿದ.

"ಈ ಕತ್ತಿಲೇ ನೂರಾರು ಮಂದೀನ ಕೊಂದೀನ್ರಿ," ಎಂದ ಮೆಹಬೂಬಸುಭಾನಿ ಎದೆಯುಬ್ಬಿಸಿ. "ಒಬ್ಬರಿಗೂ ಗಾಯ ಆಗಿಲ್ಲ. ಆದ್ರ ಬನ್ನಿ ಹಬ್ಬದ ಸಂಜಿಗೆ ನಮ್ಮದು ಆಟ ಐತಿ. ಅಷ್ಟರಾಗ ತಿರಗಿ ಕೊಡ್ರಿ, ಇಲ್ಲಂದ್ರ ನಾ ಬರಿಗೈಲೆ ಯುದ್ಧ ಮಾಡಬೇಕಾಗತೈತಿ."

ಖಂಡೇ ಪೂಜೆಯ ದಿನ ಬಂತು. ಆ ದಿನ ಮನೆಯ ಹತಾರ ಆಯುಧಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಪೂಜೆಗೆ ಇಡುತ್ತಾರೆ. ಒಮ್ಮೆ ಇಟ್ಟರೆ ಮರುದಿನ ಬನ್ನಿ ಹಬ್ಬದ ಬೆಳಗಿನವರೆಗೆ ಮುಟ್ಟುವಂತಿಲ್ಲ. ತೋಟಪ್ಪನ ಪಾರಾಗುವ ಹಾದಿ ಇದೇ ನಿಯಮದಲ್ಲಿತ್ತು. ತಗಡು ಕಾಣದ ಹಾಗೆ ಕತ್ತಿಗೆ ಬೆರಳು ದಪ್ಪ ವಿಭೂತಿ ಬಳಿದ, ಮೇಲೆ ಕುಂಕುಮ ಸುರಿದ, ಅದರ ಮೇಲೆ ಚೆಂಡುಹೂವಿನ ಮಾಲೆ ಸುತ್ತಿದ. ಇಷ್ಟೆಲ್ಲ ಮಾಡಿ, ತನ್ನ ಕತ್ತಿಯೊಂದನ್ನೇ ಮುಟ್ಟಬೇಡಿ ಎಂದರೆ ಬೀಗರಿಗೆ ಸಂಶಯ ಬಂದೀತೆಂದು ಯೋಚಿಸಿ, ಮನೆಯಲ್ಲಿದ್ದ ಹರಿತವಾದದ್ದನ್ನೆಲ್ಲ ತಂದು ಸಾಲಾಗಿ ಇಟ್ಟುಬಿಟ್ಟ. ಅಂಗಡಿಯ ಕತ್ತರಿ, ಕುಡುಗೋಲು, ಕೊಡಲಿ, ಚಾಕು, ಗಡ್ಡದ ಬ್ಲೇಡು, ಗೋಣಿ ಹೊಲಿಯುವ ದಬ್ಬಣ.

ಇಂಥ ದಿನಕ್ಕೆಂದು ಪ್ರತಿ ಮನೆಯ ಹೆಂಗಸೂ ಒಂದು ಈಳಿಗೆಯನ್ನು ದೇವರ ಕಣ್ಣಿಗೆ ಬೀಳದಂತೆ ಮರೆಮಾಡಿಟ್ಟಿರುತ್ತಾಳೆ. ಸಿದ್ದಲಿಂಗವ್ವನೂ ಜೋಳದ ಚೀಲದ ಹಿಂದೆ ಇಟ್ಟಿದ್ದಳು. ಭಕ್ತಿಯ ಆವೇಶದಲ್ಲಿದ್ದ ತೋಟಪ್ಪ ಅದನ್ನೂ ಹುಡುಕಿ ತೆಗೆದು, ಆರತಿ ಬೆಳಗಿ, ಕೈಮುಗಿದ.

"ಬೀಗರು ಉಣ್ಣಾಕ ಬರತಾರ, ಬದನಿಕಾಯಿ ಯಾತರಲೇ ಹೆಚ್ಚಲ್ರಿ?" ಎಂದು ಸಿದ್ದಲಿಂಗವ್ವ ಒಲೆಯ ಮುಂದಿನಿಂದ ಕೂಗಿದಳು. "ನಿಮ್ಮ ನಾಲಿಗಿಲೇ ಹೆಚ್ಚಲೇನು? ಅದೊಂದ ಪೂಜಾಕ್ಕ ಇಟ್ಟಿಲ್ಲ ನೋಡ್ರಿ."

ಹೊತ್ತೇರುವ ಹೊತ್ತಿಗೆ ಗ್ಯಾನಪ್ಪ, ಅವನ ತಾಯಿ ಸಣ್ಣವ್ವ ಮತ್ತು ಅಮರೇಶ ಟ್ರ್ಯಾಕ್ಸ್ ಜೀಪಿನಲ್ಲಿ ಬಂದಿಳಿದರು. ಸಣ್ಣವ್ವನಿಗೆ ಹಲ್ಲಿರಲಿಲ್ಲ, ಮುಲಾಜೂ ಇರಲಿಲ್ಲ. ಗ್ಯಾನಪ್ಪನ ಕತ್ತಿ ರೇಷ್ಮೆ ಸೀರೆಯಲ್ಲಿ ಸುತ್ತಿಸಿಕೊಂಡು ಮದುಮಗಳ ಹಾಗೆ ಇಳಿಯಿತು. ಎರಡೂ ಕತ್ತಿಗಳು ದೇವರ ಜಗಲಿಯ ಮೇಲೆ ಪಕ್ಕಪಕ್ಕದಲ್ಲಿ ಕೂತವು.

"ನಿಮ್ಮದಕ್ಕ ಒರಿ ಇಲ್ಲೇನ್ರಿ?" ಎಂದ ಗ್ಯಾನಪ್ಪ.

"ನರಗುಂದದಾಗ ಎಳದದ್ದು, ಮತ್ತ ಒರಿಗೆ ಹಾಕೇ ಇಲ್ರಿ."

ಗ್ಯಾನಪ್ಪ ತಲೆದೂಗಿದ. ತೂಕ ನೋಡಲೆಂದು ಕೈ ಚಾಚಿದ. ತೋಟಪ್ಪ ಅಡ್ಡ ಬಂದು, "ಪೂಜಾ ಆಗೇತ್ರಿ ಬೀಗರ, ಮುಟ್ಟಬಾರದು," ಎಂದ. ಗ್ಯಾನಪ್ಪ ಗಲ್ಲ ಗಲ್ಲ ಬಡಿದುಕೊಂಡು ಹಿಂದೆ ಸರಿದ.

ಊಟಕ್ಕೆ ಕೂತಾಗ ಬೀಗರ ತಾಟಿನಲ್ಲಿ ಇಡೀ ಬದನೆಕಾಯಿ ತೊಟ್ಟಿನ ಸಮೇತ ಕೂತಿತ್ತು. ಪಕ್ಕದಲ್ಲಿ ಕಲ್ಲಿನಿಂದ ಜಜ್ಜಿದ ಉಳ್ಳಾಗಡ್ಡಿ. ಸೌತೆಕಾಯಿಯನ್ನು ಮೊಣಕಾಲಿಗೆ ಹಚ್ಚಿ ಮುರಿದಿಟ್ಟಿದ್ದರು. ಸಿದ್ದಲಿಂಗವ್ವ ನಾಚಿಕೆಯಿಂದ ಒಳಗಿನಿಂದ ಹೊರಗೆ ಬರಲಿಲ್ಲ. ಆದರೆ ಗ್ಯಾನಪ್ಪ ತಾಟನ್ನೇ ನೋಡುತ್ತಾ ಮಗನಿಗೆ ಹೇಳಿದ, "ನೋಡಿದ್ಯಾ? ದಂಡಿನಾಗ ಊಟ ಹಿಂಗ ಇರತಿತ್ತು. ಹಳೇ ಪದ್ಧತಿ ಇನ್ನೂ ಬಿಟ್ಟಿಲ್ಲ ಇವ್ರು."

ತೋಟಪ್ಪ ವಿನಯದಿಂದ ಕಣ್ಣು ಮುಚ್ಚಿದ. ಇಲ್ಲಿಗೆ ಮುಗಿದಿದ್ದರೆ ಚಲೋ ಇತ್ತು. ಆದರೆ ಅಮರೇಶನ ಮನೆಗೆ ಹೊಸದಾಗಿ ಡಿಶ್ ಬಂದಿತ್ತು.

"ಟಿವಿಯಾಗ ತೋರಸತಾರ್ರಿ ಮಾವಾರ," ಎಂದ ಅವನು ಉತ್ಸಾಹದಿಂದ. "ಹೊರದೇಶದಾವ್ರು ಹಳೇ ಕತ್ತಿ ಹುಡಕಿ ತಂದು ಪರೀಕ್ಷಾ ಮಾಡತಾರ. ಮಣ್ಣಿನ ಮನಶಾನ್ನ ಮಾಡಿ ಒಮ್ಮೆ ಚುಚ್ಚತಾರ, ಒಮ್ಮೆ ಕಡೀತಾರ. ಎಷ್ಟ ಒಳಗ ಹೋತು ಅಂತ ಅಳತಿ ಮಾಡತಾರ."

ಗ್ಯಾನಪ್ಪ ತೊಡೆ ತಟ್ಟಿದ. ಅವನ ದನಿಗೆ ಗೋಡೆಯ ಅಡ್ಡಿ ಎಂದೂ ಇರಲಿಲ್ಲ. "ಆತು! ನಾಳೆ ಪೂಜಾ ಇಳಿಸಿದ ಮ್ಯಾಲೆ ನಿಮ್ಮದೋ ನಮ್ಮದೋ ತೀರ್ಮಾನ ಆಗೇ ಬಿಡಲಿ. ಚುಚ್ಚಿ ನೋಡೂಣು, ಕಡದ ನೋಡೂಣು! ಮಂದಿ ಕಣ್ಣಮುಂದ ಆಗಲಿ!"

"ಆಗ್ಲಿರಿ," ಎಂದಿತು ತೋಟಪ್ಪನ ಬಾಯಿ. ಅವನ ಉಳಿದ ದೇಹಕ್ಕೆ ಇದರಲ್ಲಿ ಒಪ್ಪಿಗೆ ಇರಲಿಲ್ಲ.

ಗೋಡೆಯ ಆಚೆ ಸುಶೀಲವ್ವನ ಹಿತ್ತಲು. ಆಕೆ ಅಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹಿಂದಿನ ಮಾತು ಆಕೆಗೆ ಕೇಳಿರಲಿಲ್ಲ, ಗ್ಯಾನಪ್ಪನ ಗರ್ಜನೆಯೊಂದೇ ಕೇಳಿತು. ಹಿಂಡಿದ ಸೀರೆಯನ್ನು ಬುಟ್ಟಿಯಲ್ಲೇ ಬಿಟ್ಟು ಓಡಿದಳು. ಸಂಜೆಯ ಹೊತ್ತಿಗೆ ತೋಟಪ್ಪನಿಗೂ ಬೀಗರಿಗೂ ಮಾತಿಗೆ ಮಾತು ಬೆಳೆದು ನಾಳೆ ಕತ್ತಿಕಾಳಗವೆಂದು ಪೇಟೆಯೆಲ್ಲ ಹಬ್ಬಿತು. ಕಿರಾಣಿ ಅಂಗಡಿಯವರು ಎದುರುಬದುರು ನಿಂತು ಕಾರಣ ಹುಡುಕಿದರು. ವರದಕ್ಷಿಣೆ ಇರಬೇಕೆಂದು ಕೆಲವರು, ಬದನೆಕಾಯಿ ಸರಿಯಾಗಿ ಬೆಂದಿಲ್ಲವಂತೆ ಎಂದು ಕೆಲವರು. ತೋಟಪ್ಪ ಕತ್ತಿ ಹಿಡಿಯುತ್ತಾನೆಂಬುದನ್ನು ನಂಬಲಾರದವರು ಸಹ ನೋಡಲು ಬರುವುದನ್ನು ತಪ್ಪಿಸಬಾರದೆಂದು ನಿಶ್ಚಯಿಸಿದರು.

ತೋಟಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಅವನು ಮತ್ತೆ ಮದರಸಾಬನ ಅಂಗಡಿಯಲ್ಲಿ ತಲೆಗೆ ಕೈಹೊತ್ತಿದ್ದ. "ಕುಂಬಳಕಾಯಿಗೆ ಹೊಡದ್ರೂ ಅದು ಮಡಚತೈತಿ. ಮಗಳ ಲಗ್ನಾ ಹೋತಪಾ ಮದರಸಾಬ."

"ಕುಂಬಳಕಾಯಿ ಯಾಕ? ನನ್ನ ಗಾದಿ ಇಡು," ಎಂದ ಮದರಸಾಬ. "ಹಿಂದಿನ ಸಿಪಾಯಿಗೋಳು ಎಲ್ಲಾರೂ ಕಬ್ಬಣದ ಅಂಗಿ ಹಾಕತಿದ್ರೇನು? ಹತ್ತಿ ತುಂಬಿದ ಅಂಗಿ ಹಾಕ್ಕೊಂಡ ಹೋಗತಿದ್ರು. ಕತ್ತಿ ಜಾರಿ ಹೋಗತಿತ್ತು. ಆ ಅಂಗಿ ಹೊಲದಾವ್ರು ಯಾರು? ನಮ್ಮಂಥಾವ್ರು! ಗಾದಿ ಸುತ್ತಿ ಕಂಬಕ್ಕ ಕಟ್ಟು. ನಿನ್ನ ಕತ್ತಿನೂ ಕಡ್ಯಂಗಿಲ್ಲ, ಬೀಗರ ಕತ್ತಿನೂ ಕಡ್ಯಂಗಿಲ್ಲ. ಇಬ್ಬರಿಗೂ ಸಮ. ನೀ ಮೆಲ್ಲಕ ಒಂದ ಬಡದಂಗ ಮಾಡು, ಹೆಸರ ನನ್ನ ಗಾದಿಗೆ ಬರಲಿ."

ಅವನಲ್ಲಿ ತಯಾರಿದ್ದ ಗಾದಿ ಒಂದೇ, ಚಿನ್ನುವಿನ ಲಗ್ನದ್ದು. ಮರುದಿನ ಅದು ಅಂಗಳಕ್ಕೆ ಬಂದದ್ದನ್ನು ಕಂಡು ಸಿದ್ದಲಿಂಗವ್ವ ಕೆಂಡವಾದಳು. "ಲಗ್ನದ ಗಾದಿಗೆ ಕತ್ತಿ ಹಚ್ಚತೀರಿ? ಬುದ್ಧಿ ಎಲ್ಲಿ ಇಟ್ಟೀರಿ? ಅದನ್ನೂ ಪೂಜಾಕ್ಕ ಇಟ್ಟೀರೇನು?"

"ಒಂದ ದಾರ ಹರದ್ರ ನಾ ಹತ್ತಿ ಹಿಂಜೂದ ಬಿಟ್ಟ ಬಿಡತೀನಿ ಅಕ್ಕಾ," ಎಂದು ಮದರಸಾಬ ಎದೆ ಮುಟ್ಟಿಕೊಂಡ. ಸುತ್ತಿದ ಗಾದಿಯನ್ನು ತೋಟಪ್ಪನ ಅಂಗಡಿಯ ಹಗ್ಗದಿಂದಲೇ ಕಂಬಕ್ಕೆ ಬಿಗಿದು, ಮೇಲೊಂದು ರುಮಾಲು ಸುತ್ತಿದರು. ದೂರದಿಂದ ನೋಡಿದರೆ ಊಟ ಜಾಸ್ತಿಯಾದ ಗೌಡರೊಬ್ಬರು ಒರಗಿ ನಿಂತಂತೆ ಕಾಣುತ್ತಿತ್ತು.

ಅಷ್ಟರಲ್ಲಿ ಅಂಗಳ ತುಂಬಿತ್ತು. ಮಾಳಿಗೆಗಳ ಮೇಲೆ ಮಂದಿ, ನಿಂತ ಟ್ರ್ಯಾಕ್ಟರಿನ ಮೇಲೆ ಮಂದಿ. ಅವರನ್ನು ಸೀಳಿಕೊಂಡು ತೋಟಪ್ಪನ ಅಕ್ಕ ಶೇಖವ್ವ ಎದೆ ಬಡಿದುಕೊಳ್ಳುತ್ತ ಬಂದಳು. ಸುದ್ದಿ ಆಕೆಯ ಗಂಡನ ಊರು ಚಿಕ್ಕನರಗುಂದ ಮುಟ್ಟುವ ಹೊತ್ತಿಗೆ, ಅದರಲ್ಲಿ ಕಾಳಗ ಮುಗಿದು ತೋಟಪ್ಪ ಬಿದ್ದಿದ್ದ.

"ಯಪ್ಪಾ ನನ್ನ ತಮ್ಮಾ! ಎಲ್ಲಿ ಹಾಕೀರಿ ನನ್ನ ತಮ್ಮನ್ನ?"

"ಇಲ್ಲೇ ಅದೀನಿ ಅಕ್ಕಾ," ಎಂದ ತೋಟಪ್ಪ.

ಶೇಖವ್ವ ಅವನನ್ನು ತಲೆಯಿಂದ ಪಾದದವರೆಗೆ ಸವರಿ ನೋಡಿದಳು. ಎಲ್ಲ ಅವಯವಗಳೂ ಇದ್ದದ್ದು ಖಾತ್ರಿಯಾದ ಮೇಲೆ ಆಕೆಗೆ ಸಿಟ್ಟು ಬಂತು. "ಜ್ವಾಳದ ಹಿಟ್ಟ ಹರಿವಾಣದಾಗ ಬಿಟ್ಟ ಬಂದೀನಿ. ಜೀಂವ ಇದ್ದಾಂವ ಒಂದ ಫೋನರೆ ಮಾಡಬೇಕಿಲ್ಲೊ?"

ಹಿಂದೆಯೇ ಠಾಣೆಯ ದಫೇದಾರರು ಬಂದರು. ಸುಶೀಲವ್ವ ಅವರ ಬೆನ್ನಿಗಿದ್ದಳು. "ಯಾರ್ರಿ ಇಲ್ಲೆ ಕಡದಾಡೂದು?" ಎಂದು ಅವರು ಲಾಠಿ ನೆಲಕ್ಕೆ ಕುಟ್ಟಿದರು. "ಹಬ್ಬದ ದಿವಸ ಹೆಣಾ ಎತ್ತಾಕ ನನಗ ಪುರುಸೊತ್ತಿಲ್ಲ."

ಕಡಿಯುವುದು ಗಾದಿಯನ್ನು ಎಂದು ತಿಳಿದಾಗ ಅವರಿಗೆ ನಿರಾಸೆಯಾಯಿತೋ ಸಮಾಧಾನವಾಯಿತೋ ಹೇಳುವುದು ಕಷ್ಟ. ಗಾದಿ ಕಡಿಯುವುದು ಅಪರಾಧವೇ ಎಂದು ಬಹಳ ಹೊತ್ತು ಯೋಚಿಸಿ, ಯಾವ ಕಲಮೂ ನೆನಪಾಗದೆ, "ಹಂಗಾದ್ರ ನಾನೂ ನಿಂತು ಬಂದೋಬಸ್ತ್ ಮಾಡತೀನಿ, ಲಗೂ ಮುಗಸ್ರಿ," ಎಂದು ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು.

"ಬೀಗರ, ನೀವ ಮೊದಲ ಹೊಡೀರಿ," ಎಂದ ತೋಟಪ್ಪ.

"ಛೇ ಛೇ, ನಿಮ್ಮ ಊರು, ನಿಮ್ಮ ಅಂಗಳ. ನೀವ ಹೊಡೀರಿ."

"ಅತಿಥಿ ಇದ್ದೀರಿ, ನೀವ ಸುರು ಮಾಡ್ರಿ."

ಹೋಳಿಗೆಯ ಪಂಕ್ತಿಯಲ್ಲೂ ಇಷ್ಟು ಉಪಚಾರ ಯಾರೂ ಕಂಡಿರಲಿಲ್ಲ. ಕಡೆಗೆ ದಫೇದಾರರು ಅತಿಥಿಯೇ ಮೊದಲೆಂದು ಹುಕುಂ ಕೊಟ್ಟರು. ಗ್ಯಾನಪ್ಪ ಧೋತರದ ಕಚ್ಚೆ ಬಿಗಿದ, ಕತ್ತಿಯನ್ನು ಹಣೆಗೆ ಮುಟ್ಟಿಸಿಕೊಂಡ, ಹಿಡಿಯನ್ನು ಹಿಡಿದು ಜಗ್ಗಿದ.

ಕತ್ತಿ ಹೊರಗೆ ಬರಲಿಲ್ಲ.

ಇನ್ನೊಮ್ಮೆ ಜಗ್ಗಿದ. ಮುಖ ಕೆಂಪಾಯಿತು, ಕತ್ತಿ ಇದ್ದಲ್ಲೇ ಇತ್ತು. ಅಮರೇಶ ಬಂದು ಒರೆಯನ್ನು ಹಿಡಿದ. ಅಪ್ಪ ಅತ್ತ, ಮಗ ಇತ್ತ. ಅಂಗಳದ ಮಂದಿಗೆ ಹುರುಪು ಬಂತು. ಅಮರೇಶನ ಸೊಂಟ ಹಿಡಿದು ನಾಲ್ಕು ಜನ, ಗ್ಯಾನಪ್ಪನ ಸೊಂಟ ಹಿಡಿದು ನಾಲ್ಕು ಜನ. ಮದರಸಾಬ ಹುರಿದುಂಬಿಸಿದ, ದಫೇದಾರರು ಕುರ್ಚಿಯಿಂದ ಎದ್ದು ಸೀಟಿ ಊದಿದರು. ಆ ಸೀಟಿಗೆ ಎರಡೂ ಕಡೆಯವರು ಒಮ್ಮೆಲೇ ಜಗ್ಗಿ, ಹಿಂದೆ ಹಿಂದೆ ಹೋಗಿ, ಒಬ್ಬರ ಮೇಲೊಬ್ಬರು ಬಿದ್ದರು.

ಧೂಳು ಇಳಿದಾಗ ಗ್ಯಾನಪ್ಪನ ಕೈಯಲ್ಲಿ ಹಿತ್ತಾಳೆಯ ಹಿಡಿ ಇತ್ತು. ಅದರ ತುದಿಗೆ ಗೇಣುದ್ದದ, ಇಲಿ ಕಡಿದಂತಿದ್ದ ಕಬ್ಬಿಣದ ತುಣುಕು. ಅಮರೇಶ ಒರೆಯನ್ನು ಬೋರಲು ಹಾಕಿದ. ಒಂದು ಪಾವಿನಷ್ಟು ಕೆಂಪು ಪುಡಿ ಸುರಿಯಿತು.

ಯಾರೂ ನಗಲಿಲ್ಲ, ಗ್ಯಾನಪ್ಪನ ಮುಖ ಹಾಗಿತ್ತು. "ಕೋಟಿ ಕಾದ ಕತ್ತಿ..." ಎಂದು ಅವನು ಪುಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

ಆಗ ಕಟ್ಟೆಯ ಮೇಲಿದ್ದ ಸಣ್ಣವ್ವ ಬಾಯಿ ತೆರೆದಳು. "ಅದೇನ ಕೋಟಿ ಕಾದಿತ್ತೋ ಶಿವನ ಬಲ್ಲ. ನಾ ಸೊಸಿಯಾಗಿ ಬಂದಾಗಿಂದ ಅದು ಒರಿ ಬಿಟ್ಟ ಹೊರಗ ಬಂದದ್ದ ಕಂಡಿಲ್ಲ. ಮಳಿಗಾಲದಾಗ ಬಿಸಲ ಬೀಳದಿದ್ರ ನಿನ್ನ ಹಾಸಗಿ ಅರಬಿ ಅದರ ಮ್ಯಾಲ ಒಣ ಹಾಕತಿದ್ವಿ. ನೀ ಏನ ಒಂದ ಸಲಾ ಎರಡ ಸಲಾ ಉಚ್ಚಿ ಹೊಯ್ಯತಿದ್ದ್ಯಾ? ಕಬ್ಬಣ ಎಷ್ಟಂತ ತಡಕೊಂಡೀತು?"

ಈಗ ಅಂಗಳ ನಕ್ಕಿತು. ದಫೇದಾರರು ಟೊಪ್ಪಿಗೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಗ್ಯಾನಪ್ಪ ತಲೆ ಎತ್ತಲಿಲ್ಲ.

ಎಲ್ಲರ ಕಣ್ಣು ತೋಟಪ್ಪನ ಕಡೆ ತಿರುಗಿತು. ತೋಟಪ್ಪನಿಗೆ ಬೀಗನನ್ನು ನೋಡಿ ಕನಿಕರ ಬಂತು. ಅದರ ಜೊತೆಗೇ, ಇದು ದೇವರು ಕೊಟ್ಟ ಅವಕಾಶವೆಂದೂ ಹೊಳೆಯಿತು. ಅವನು ಎರಡೂ ಕೈ ಮುಗಿದು ದೊಡ್ಡ ದನಿಯಲ್ಲಿ ಹೇಳಿದ, "ಬೀಗರ ಕತ್ತಿ ಮುರದ ಮ್ಯಾಲೆ ನಾ ಕತ್ತಿ ಎತ್ತಂಗಿಲ್ಲ. ನಮ್ಮ ಮನತನದಾಗ ಆ ಪದ್ಧತಿ ಇಲ್ಲ."

ಮಂದಿ ಆಹಾ ಎಂದರು. ಶೇಖವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದರಸಾಬ ದೂರದಿಂದಲೇ ಶಾಭಾಸ್ ಎಂದು ಸನ್ನೆ ಮಾಡಿದ. ಅಷ್ಟಕ್ಕೇ ತೆರೆ ಬಿದ್ದಿದ್ದರೆ ತೋಟಪ್ಪ ಆ ದಿನವೇ ವೀರರ ಸಾಲಿಗೆ ಸೇರುತ್ತಿದ್ದ. ಆದರೆ ಗ್ಯಾನಪ್ಪ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು.

"ಎಂಥಾ ದೊಡ್ಡ ಮನಸ್ಸ್ರಿ ನಿಮ್ಮದು! ಇಲ್ರಿ, ನೀವು ಹೊಡೀಬೇಕು. ನನ್ನ ಮಾನ ಅಂತೂ ಪುಡಿ ಆತು. ನಮ್ಮ ಸೊಸಿ ಮನಿ ಮಾನ ಆದ್ರೂ ಮಂದಿ ನೋಡ್ಲಿ. ಹೊಡೀರಿ, ನಮ್ಮ ಆಣಿ ಐತಿ!"

ತಾನೇ ಓಡಿಹೋಗಿ ಜಗಲಿಯಿಂದ ಕತ್ತಿಯನ್ನು ತಂದು, ಕಣ್ಣೀರಿನಲ್ಲಿ ಅದರ ತೂಕವನ್ನೂ ಗಮನಿಸದೆ ತೋಟಪ್ಪನ ಕೈಗಿಟ್ಟ.

ತೋಟಪ್ಪ ಬಾಗಿಲ ಕಡೆ ನೋಡಿದ. ಚಿನ್ನು ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ತೋಟಪ್ಪ ಕಣ್ಣು ಮುಚ್ಚಿದ, ಮನೆದೇವರನ್ನು ನೆನೆದ, ಮೊದಲು ಚುಚ್ಚಿದ. ಕತ್ತಿ ಗಾದಿಯನ್ನು ಮುಟ್ಟಿ, ಒಳಗೆ ಹೋಗಲು ಮನಸ್ಸಿಲ್ಲದೆ ಎಡಕ್ಕೆ ತಿರುಗಿ ಸುಶೀಲವ್ವನ ಮನೆಯ ದಿಕ್ಕು ತೋರಿಸಿತು. ಗಾಬರಿಯಲ್ಲಿ ಎತ್ತಿ ಕಡಿದ. ಕತ್ತಿ ಗಾದಿಯ ಹೊಟ್ಟೆಯ ಸುತ್ತ ಮೆತ್ತಗೆ ಬಾಗಿ ಅದನ್ನು ಅಪ್ಪಿಕೊಂಡಿತು. ವಿಭೂತಿ ಉದುರಿತು, ಬೆಳ್ಳಿ ಬಣ್ಣ ಸುಲಿಯಿತು, ಒಳಗಿನಿಂದ ಹಳೆಯ ಎಣ್ಣೆ ಡಬ್ಬಿಯ ಮೇಲಿನ ಚಿತ್ರ ಇಣುಕಿತು.

"ನನ್ನ ಗಾದಿ ನೋಡ್ರಿ!" ಎಂದು ಮದರಸಾಬ ಕೂಗಿದ. "ಒಂದ ದಾರ ಹರದಿಲ್ಲ! ದಫೇದಾರ ಸಾಹೇಬ್ರ, ಮುಟ್ಟಿ ನೋಡ್ರಿ!"

ಗ್ಯಾನಪ್ಪ ಕತ್ತಿಯನ್ನು ನೋಡಿದ, ತೋಟಪ್ಪನನ್ನು ನೋಡಿದ. ಇನ್ನು ಗಾದಿಯ ಹೆಸರು ಹೇಳಿ ಪಾರಾಗುವಂತಿರಲಿಲ್ಲ. ತೋಟಪ್ಪನಿಗೆ ಇದ್ದಕ್ಕಿದ್ದಂತೆ ಹೆದರಿಕೆಯೆಲ್ಲ ಹೋಗಿ, ದೊಡ್ಡ ಗೋಣಿಚೀಲವೊಂದನ್ನು ಬೆನ್ನಿನಿಂದ ಇಳಿಸಿದಷ್ಟು ಹಗುರವಾಯಿತು.

"ಇದು ಆಸೂಟಿ ದೊಡ್ಡಾಟದ್ರಿ ಬೀಗರ. ನಮ್ಮ ಮನ್ಯಾಗ ಕತ್ತಿ ಇಲ್ಲ, ಎಂದೂ ಇರಲಿಲ್ಲ. ದಂಗೆ ನಡದಾಗ ನಮ್ಮ ಮುತ್ಯಾನ ಮುತ್ಯಾ ನರಗುಂದದಾಗ ಇದ್ದದ್ದು ಮಾತ್ರ ಖರೇ. ಹಗ್ಗಾ ಮಾರಾಕ ಹೋಗಿದ್ದ. ಗುಂಡಿನ ಸಪ್ಪಳ ಕೇಳಿ ಹಗ್ಗಾ ಅಲ್ಲೇ ಒಗದು ಓಡಿದಾಂವ ಹೊಳ್ಳಿ ನೋಡಲಿಲ್ಲಂತ. ನೀವು 'ಬಿಡ್ರಿ' ಅಂದ್ರಲ್ಲ, ನನಗ ತಡೀಲಿಲ್ಲ. ತಪ್ಪ ನಂದು, ಹುಡುಗಿದಲ್ಲ."

ಗ್ಯಾನಪ್ಪನ ಹುಬ್ಬು ಗಂಟಾಯಿತು. "ಸುಳ್ಳ ಹೇಳಿದ್ರಿ," ಎಂದು ಬಾಯಿ ತೆರೆದ.

"ನೀ ಏನ ಖರೇ ಹೇಳಿದ್ಯೋ?" ಎಂದು ಸಣ್ಣವ್ವ ಕಟ್ಟೆಯಿಂದ ಕೆಳಗಿಳಿದಳು. ಕೋಲು ಊರುತ್ತ ಬಂದು ಮೊದಲು ಕೆಂಪು ಪುಡಿಯನ್ನು, ಆಮೇಲೆ ಮಡಚಿದ ತಗಡನ್ನು ಕೋಲಿನಿಂದ ತಿವಿದು ನೋಡಿದಳು. "ನನ್ನ ಮೊಮ್ಮಗಗ ಹೆಣ್ಣ ನೋಡಾಕತ್ತಾಗಿಂದ ನನಗೊಂದ ಚಿಂತಿ ಇತ್ತು. ಕತ್ತಿ ಹಿಡಿಯೋ ಮನಿ ಮಗಳು ಅಂದ್ರ ಹ್ಯಾಂಗಪಾ ಬಾಳೇ ಮಾಡೂದು ಅಂತ. ಈಗ ಎದಿ ತಣ್ಣಗಾತು. ಒಂದ ಮನ್ಯಾಗ ಬರೇ ಹಿಡಿಕಿ, ಒಂದ ಮನ್ಯಾಗ ಬರೇ ತಗಡ. ಯಾರೂ ಯಾರನ್ನೂ ಏನೂ ಮಾಡಾಕ ಆಗಂಗಿಲ್ಲ. ಇದಕ್ಕಿಂತ ಚಲೋ ಜೋಡಿ ಮನತನ ಎಲ್ಲಿ ಸಿಗತಾವೊ? ಬನ್ನಿ ತಗೀರಿ."

ಗ್ಯಾನಪ್ಪನ ಹೊಟ್ಟೆ ಅಲುಗಿತು, ಭುಜ ಅಲುಗಿತು, ನಗು ಹೊರಗೆ ಬಂತು. ಅವನು ನಕ್ಕದ್ದನ್ನು ಕಂಡು ತೋಟಪ್ಪನೂ ನಕ್ಕ. ಸಿದ್ದಲಿಂಗವ್ವ ಬನ್ನಿ ಎಲೆಯ ತಾಟನ್ನು ತಂದಳು. ಬೀಗರಿಬ್ಬರೂ ಎಲೆಗಳನ್ನು ಒಬ್ಬರ ಕೈಗೊಬ್ಬರು ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದು ಅಪ್ಪಿಕೊಂಡರು. ಅಪ್ಪಿಕೊಂಡ ರಭಸಕ್ಕೆ ಗಾದಿಗೆ ಒರಗಿದರು. ಗಾದಿ ಇಬ್ಬರನ್ನೂ ತಡೆದುಕೊಂಡಿತು.

ಸಂಜೆಗೆ ಮೆಹಬೂಬಸುಭಾನಿ ಬಂದು ಕತ್ತಿಯನ್ನು ಮೊಣಕಾಲಿಗೆ ಹಚ್ಚಿ ನೆಟ್ಟಗೆ ಮಾಡಿಕೊಂಡು ಯುದ್ಧಕ್ಕೆ ಹೋದ. ಸಿದ್ದಲಿಂಗವ್ವ ತನ್ನ ಈಳಿಗೆಯನ್ನು ಎತ್ತಿಕೊಂಡು ಹೋಗಿ ಇನ್ನೂ ಭದ್ರವಾದ ಜಾಗದಲ್ಲಿ ಬಚ್ಚಿಟ್ಟಳು. ಮದರಸಾಬ ಅಂಗಡಿಯ ಹಲಗೆಗೆ ಹೊಸ ಅಕ್ಷರ ಬರೆಸಿದ: ರೋಣ, ಗಜೇಂದ್ರಗಡದ ಐತಿಹಾಸಿಕ ಕತ್ತಿಗಳಿಗೆ ಜಗ್ಗದ ಗಾದಿಗಳು ಇಲ್ಲಿ ಸಿಗುತ್ತವೆ.

ಲಗ್ನ ವಿಜೃಂಭಣೆಯಿಂದ ಆಯಿತು, ಗಾದಿಯೂ ಮದುಮಗಳ ಜೊತೆ ಗಜೇಂದ್ರಗಡಕ್ಕೆ ಹೋಯಿತು. ಕೆಲವು ದಿನಗಳ ನಂತರ ತೋಟಪ್ಪನ ಅಂಗಡಿಯಲ್ಲಿ ಫೋನು ಬಡಿಯಿತು.

"ಅಪ್ಪಾ, ಮದರಸಾಬ ಕಾಕಾಗ ಹೇಳಿ ಇನ್ನೊಂದ ಗಾದಿ ಮಾಡ್ಸು," ಎಂದಳು ಚಿನ್ನು. ಅವಳ ದನಿಯಲ್ಲಿ ನಗುವೂ ಇತ್ತು, ನಿದ್ದೆಗೆಟ್ಟ ಸುಸ್ತೂ ಇತ್ತು. "ನಾವಿಬ್ಬರೂ ಚಾಪಿ ಮ್ಯಾಲ ಮಲಗಾಕತ್ತೀವಿ."

"ಯಾಕವಾ? ಮತ್ತ ಆ ಗಾದಿಗೆ ಏನಾತು?"

"ಮಾವಾರು ಅದನ್ನ ಪಡಸಾಲಿ ಗ್ವಾಡಿಗೆ ತೂಗ ಹಾಕ್ಯಾರ. ಕತ್ತಿ ಇತ್ತಲ್ಲ, ಅದ ಜಾಗಾಕ್ಕ. ದಿನಾ ಊದಿನಕಡ್ಡಿ ಹಚ್ಚತಾರ. ನರಗುಂದದ ಕತ್ತಿಗೂ ಬಗ್ಗಲಿಲ್ಲ ಅಂತ ಬಂದಾವ್ರಿಗೆಲ್ಲಾ ಹೇಳತಾರ. ಯಾರಿಗೂ ಮುಟ್ಟಾಕ ಬಿಡವಲ್ಲರು."

ತೋಟಪ್ಪ ಫೋನು ಇಟ್ಟ. ಅಂಗಡಿಯ ಮುಂದೆ ಗಿರಾಕಿಗಳು ನಿಂತಿದ್ದರು, ಎದುರಿಗೆ ಮದರಸಾಬ ಕಿವಿ ನಿಮಿರಿಸಿ ಕೂತಿದ್ದ. ತೋಟಪ್ಪ ಹುರಿಯ ಉಂಡೆಯನ್ನು ಕೈಗೆತ್ತಿಕೊಂಡು, ಬೇಕಾದಷ್ಟು ಉದ್ದ ಅಳೆದು, ಅದನ್ನು ಹಿಡಿದು ನಿಂತೇ ಹೇಳಿದ: "ಗಾದಿದೇನ್ರಿ ದೊಡ್ಡ ಮಾತು? ಅದನ್ನ ಕಂಬಕ್ಕ ಬಿಗದದ್ದು ನಮ್ಮ ಅಂಗಡಿ ಹಗ್ಗ."